ಕಿಡ್ನಿ ಕಸಿಯಾದವರು ಮತ್ತೆ ಬಣ್ಣ ಹಚ್ಚುತ್ತಾರಾ?

“ಕಿಡ್ನಿ ಹಾಕಿಸ್ಕೊಂಡೋರು ಇನ್ನೇನ್ ಪಾರ್ಟ್ ಮಾಡ್ತಾರೆ ಬಿಡ್ರಿ, ಅಲ್ವಾ?” ದಾವಣಗೆರೆ ಕಡೆ ಇದನ್ನು ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಬದುಕಿರುವ ಕಲಾವಿದರ ಎದುರೇ ಶ್ರದ್ಧಾಂಜಲಿ ಓದಿದ ಹಾಗೆ. ನನ್ನ ಉತ್ತರ ಇಷ್ಟೇ: ಮಾಡುತ್ತಾರೆ. ಗಾಯ ಮಾಗಿ, ಸೋಂಕಿನ ಭಯ ಹೆಚ್ಚಿರುವ ಮೊದಲ ತಿಂಗಳುಗಳು ಕಳೆದು, ಡಾಕ್ಟರು ಹೂಂ ಅಂದಮೇಲೆ ಮಾಡುತ್ತಾರೆ.

ಆದರೆ ಕೆಲಸದ ರೀತಿ ಬದಲಾಗುತ್ತದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಗುಳಿಗೆ ನುಂಗಿದ 1ರಿಂದ 3 ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ, ಬೆರಳು ನಡುಗುವುದೂ ಆಗಲೇ ಹೆಚ್ಚು. ನಾಟಕದ ಪರದೆ ಬರೆಯುವವರು ಕಣ್ಣು, ಹುಬ್ಬಿನ ಗೆರೆಗಳನ್ನು ಬೆಳಗಿನ ಗುಳಿಗೆಗೆ ಮುಂಚೆ ಮುಗಿಸಿಕೊಂಡು, ಆಮೇಲೆ ಆಕಾಶಕ್ಕೆ, ಅರಮನೆ ಗೋಡೆಗೆ ಬಣ್ಣ ತುಂಬಬಹುದು. ಕೈ ನಡುಗಿತೆಂದು ತಾವೇ ಡೋಸ್ ಇಳಿಸಿದರೆ ಕಿಡ್ನಿಯನ್ನೇ ದೇಹ ತಿರಸ್ಕರಿಸಬಹುದು. ದಿನಕ್ಕೊಮ್ಮೆ ನುಂಗುವ, ನಿಧಾನವಾಗಿ ಕರಗುವ ಬಗೆಯ ಗುಳಿಗೆಯಲ್ಲಿ ಕೆಲವರಿಗೆ ನಡುಕ ಕಡಿಮೆ. ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಬೇಕು.

ಡೊಳ್ಳಿನವರ ಕಷ್ಟ ಬೇರೆ. ಹೊಸ ಕಿಡ್ನಿಯನ್ನು ಕೂರಿಸುವುದು ಕಿಬ್ಬೊಟ್ಟೆಯ ಒಂದು ಪಕ್ಕಕ್ಕೆ. ಅಲ್ಲಿ ಪಕ್ಕೆಲುಬಿನ ಕಾವಲಿಲ್ಲ, ಡೊಳ್ಳು ಒತ್ತುವುದೂ ಹೆಚ್ಚುಕಡಿಮೆ ಅಲ್ಲೇ. ಅಂಥವರಿಗೆ ತಾಳ ಕೊಡಿ, ಹಾಡಿಸಿ, ಹುಡುಗರಿಗೆ ಕಲಿಸಲು ಕೂರಿಸಿ. ತಂಡದಿಂದ ಮಾತ್ರ ಬಿಡಬೇಡಿ.

ಸಂಘಟಕರು ನನ್ನನ್ನು ಕೇಳಬೇಕಾದದ್ದು ಇದು: ಅವರ ಗುಳಿಗೆ ಎಷ್ಟೊತ್ತಿಗೆ, ನಮ್ಮ ಆಟ ಎಷ್ಟೊತ್ತಿಗೆ? ದಿನಕ್ಕೆರಡು ಸಲದ ಗುಳಿಗೆಯಾದರೆ 12 ಗಂಟೆ ಅಂತರ ಬೇಕು. ಬೆಳಿಗ್ಗೆ 9, ರಾತ್ರಿ 9 ಎಂದಿಟ್ಟುಕೊಳ್ಳಿ. ಊಟಕ್ಕೆ 1 ಗಂಟೆ ಮುಂಚೆ ಇಲ್ಲವೇ ಉಂಡು 2 ಗಂಟೆ ಬಿಟ್ಟು ನುಂಗುವುದು ರೂಢಿ, ಹಾಗಾಗಿ ಅವರಿಗೆ ಸಂಜೆ ಆರೂವರೆಗೇ ಊಟ ಹಾಕಬೇಕು. ಜಾತ್ರೆ ನಾಟಕದ ಕರಪತ್ರದಲ್ಲಿ ಹತ್ತು ಗಂಟೆ ಎಂದಿರುತ್ತದೆ, ಸನ್ಮಾನ, ಭಾಷಣ ಮುಗಿದು ಪರದೆ ಏಳುವಾಗ ಹನ್ನೆರಡು. ಬೆಳಗಿನ ಜಾವ ಆಟ ಮುಗಿಸಿ ಮಲಗಿದವರು 9ರ ಗುಳಿಗೆ ತಪ್ಪಿಸಿಕೊಳ್ಳುವುದು ಹೀಗೇ. ಎಬ್ಬಿಸುವ ಕೆಲಸ ಒಬ್ಬರಿಗೆ ವಹಿಸಿ. ಔಷಧದ ಮಟ್ಟ ನೋಡುವ ರಕ್ತಪರೀಕ್ಷೆಯ ದಿನ ಮಾತ್ರ ರಕ್ತ ಕೊಟ್ಟ ಮೇಲೆಯೇ ಗುಳಿಗೆ.

ನಡುರಾತ್ರಿಯ ಮಂಡಕ್ಕಿ ಮಿರ್ಚಿಗೂ ಇದೇ ಜಾಗ್ರತೆ ಬೇಕು. ಹೆಚ್ಚಿಟ್ಟ ಹಸಿ ಈರುಳ್ಳಿ, ಕುದಿಸದ ನೀರಿನ ಚಟ್ನಿಯಿಂದ ಭೇದಿ ಹತ್ತಿದರೆ ಟ್ಯಾಕ್ರೊಲಿಮಸ್ ಮಟ್ಟ ಇಳಿಯುತ್ತದೆ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಏರುತ್ತದೆ, ಕಿಡ್ನಿಗೇ ಪೆಟ್ಟು ಕೊಡುತ್ತದೆ. ಚಕ್ಕೋತ ಹಣ್ಣಿನಿಂದಲೂ ಏರಬಹುದು. ಇನ್ನು, ಕುಣಿದು ಮೊಣಕಾಲು ನೋಯುತ್ತಿದೆ ಎಂದಾಗ ಮೇಕಪ್ ಪೆಟ್ಟಿಗೆಯಲ್ಲಿರುವ ನೋವಿನ ಗುಳಿಗೆ ಡೈಕ್ಲೊಫೆನಾಕ್ ಅನ್ನು ಅವರ ಕೈಗಿಡಬೇಡಿ, ಆ ಗುಳಿಗೆ ಕಿಡ್ನಿಗೆ ಹೋಗುವ ರಕ್ತವನ್ನೇ ಕುಗ್ಗಿಸುತ್ತದೆ.