ಅವ್ವನ ಡಲ್ಲಾಸ್ ಪ್ರಯಾಣ, ಖರೇ ಎಷ್ಟು ತಾಸು?

ರಾಯಚೂರು ಮಂದಿಗೆ ಏರ್‌ಪೋರ್ಟ್ ಅಂದ್ರ ಹೈದರಾಬಾದಿನ ಶಂಶಾಬಾದೇ. ಅಲ್ಲಿಂದ ಅಮೆರಿಕಾದ ಡಲ್ಲಾಸ್‌ಗೆ ಎಷ್ಟು ತಾಸು ಅಂತ ಮನ್ಯಾಗ ದಿನಾ ಇದೇ ಮಾತು, ಯಾಕಂದ್ರ ಈ ಚಳಿಗಾಲಕ್ಕ ಅಕ್ಕನ ಮನಿಗೆ ಅವ್ವ ಒಬ್ಬಾಕಿನೇ ಹೊಂಟಾಳ.

ದುಬೈದಾಗ ವಿಮಾನ ಬದಲಿಸೋ ಟಿಕೆಟ್ ನೋಡಿದ್ರ ತಲಿ ತಿರುಗ್ತದ. ದುಬೈದಾಗ ಬೆಳಗಿನ ಜಾವ 3ಕ್ಕ ಎದ್ದ ವಿಮಾನ ಡಲ್ಲಾಸ್‌ನಾಗ ಅದೇ ದಿನ ಮುಂಜಾನಿ 9ಕ್ಕ ಇಳೀತದ ಅಂತ ಇಟ್ಕೊಳ್ರಿ, ಆರೇ ತಾಸು ಅನಿಸ್ತದ, ಆದ್ರ ಟಿಕೆಟ್‌ನಾಗ ಇರೋದು ಆಯಾ ಊರಿನ ಟೈಮು, ಚಳಿಗಾಲದಾಗ ಡಲ್ಲಾಸ್ ದುಬೈಗಿಂತ 10 ತಾಸು ಹಿಂದ ಇರ್ತದ, ಹಂಗಾಗಿ ಖರೇ ಆಗೋದು 16 ತಾಸು. ಆಗ ನಮ್ಮ ರಾಯಚೂರಾಗ ರಾತ್ರಿ ಎಂಟೂವರೆ.

ಹೈದರಾಬಾದಿನಿಂದ ಡಲ್ಲಾಸ್‌ಗೆ ನೆಟ್ಟಗ ಅಳದ್ರ ಸುಮಾರು 14,400 ಕಿ.ಮೀ. ದುಬೈ ಮ್ಯಾಲೆ ಹೋದ್ರ ಮೊದ್ಲು 2,550, ಆಮೇಲೆ 12,900, ಕೂಡಿಸಿದ್ರ 15,450. ಇಷ್ಟ್ ದೂರದ ಹಾದಿಗೆ ಸಾವಿರ ಕಿ.ಮೀ. ಸುತ್ತು ಏನೂ ಅಲ್ಲ ಬಿಡ್ರಿ. ನಕಾಶದಾಗ ನೋಡಿದ್ರ ದುಬೈಯಿಂದ ಸೀದಾ ಪಶ್ಚಿಮಕ್ಕ ಹೋಗ್ಬೇಕು ಅನಿಸ್ತದ, ಆದ್ರ ಭೂಮಿ ಗುಂಡಗದ, ಗ್ಲೋಬ್ ಮ್ಯಾಲೆ ಎರಡೂ ಊರಿಗೆ ದಾರ ಬಿಗಿದು ನೋಡ್ರಿ, ಅದು ಮ್ಯಾಲೆ ಉತ್ತರ ಧ್ರುವದ ಕಡಿಗೇ ಹೋಗ್ತದ. ನಂಗ ಇದು ಭಾಳ ಖುಷಿ ಕೊಟ್ಟ ವಿಷಯ.

ವಾಪಸ್ ಬರುವಾಗ ಅದೇ ದೂರ, ಟೈಮ್ ಮಾತ್ರ ಸಾಮಾನ್ಯವಾಗಿ ಒಂದು ಒಂದೂವರೆ ತಾಸು ಕಮ್ಮಿ. ಅಷ್ಟು ಎತ್ತರದಾಗ ಪಶ್ಚಿಮದಿಂದ ಪೂರ್ವಕ್ಕ ಜೋರು ಗಾಳಿ ಬೀಸ್ತದ, ಜೆಟ್ ಸ್ಟ್ರೀಮ್ ಅಂತಾರ, ಹೋಗುವಾಗ ಎದುರು ಬರ್ತದ, ಬರುವಾಗ ಹಿಂದಿಂದ ದಬ್ತದ.

ಆದ್ರ ಅವ್ವನ ವಯಸ್ಸಿನವರಿಗೆ ಮುಖ್ಯ ಆಗೋದು ಮನಿಯಿಂದ ಮನಿಗೆ ಎಷ್ಟು ತಾಸು ಅನ್ನೋದು. ಕೃಷ್ಣಾ ಬ್ರಿಜ್ ದಾಟಿ ಮಕ್ತಲ್, ಮೆಹಬೂಬನಗರ ಮ್ಯಾಲೆ ಶಂಶಾಬಾದಿಗೆ ಕಾರಿನಾಗ ನಾಕು ತಾಸು, ಮೂರು ತಾಸು ಮೊದ್ಲೇ ಅಲ್ಲಿರ್ಬೇಕು, ದುಬೈ ತನಕ ನಾಕು, ಅಲ್ಲಿ ಕಾಯೋದು ನಾಕು, ಮುಂದ 16, ಇಳದ ಮ್ಯಾಲೆ ಇಮಿಗ್ರೇಷನ್, ಬ್ಯಾಗು ಅಂತ ಎರಡು. 33 ತಾಸು ಆತಲ್ರಿ! ಇದನ್ನ ಯಾವ ಟಿಕೆಟ್‌ನಾಗೂ ಬರೆಯಂಗಿಲ್ಲ.

ಅದಕ್ಕ ದುಬೈದಾಗ ಒಂದೂವರೆ ತಾಸಿನ ಗ್ಯಾಪ್ ಇರೋ ಟಿಕೆಟ್ ಸೋವಿ ಸಿಕ್ರೂ ನಾನು ಬ್ಯಾಡ ಅಂದೆ, ಆಕಿ ಗಾಬರಿ ಆಗ್ತಾಳ. ವೀಲ್‌ಚೇರ್ ಬುಕಿಂಗ್ ಮಾಡುವಾಗ್ಲೇ ಹೇಳ್ರಿ. ಬಿಪಿ, ಶುಗರ್ ಗುಳಗಿ ಕೈಚೀಲದಾಗೇ ಇರ್ಲಿ, ಚಳಿಗಾಲದಾಗ ನಮಗೂ ಡಲ್ಲಾಸ್‌ಗೂ ಹನ್ನೊಂದೂವರೆ ತಾಸು ಫರಕ್ ಅದ, ಯಾವ ಗುಳಗಿ ಯಾವಾಗ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡೇ ಕಳಿಸ್ರಿ. ವಿಮಾನದಾಗ ಆಗಾಗ ಎದ್ದು ನಾಕು ಹೆಜ್ಜಿ ಅಡ್ಡಾಡ್ಬೇಕು, ಒಂದೇ ಕಡಿ ಭಾಳ ಹೊತ್ತು ಕುಂತ್ರ ಕಾಲಾಗ ರಕ್ತ ಹೆಪ್ಪುಗಟ್ಟೋ ಭಯ ಇರ್ತದ.

ಇನ್ನೊಂದು, ಎರಡು ವಿಮಾನನೂ ಒಂದೇ ಬುಕಿಂಗ್‌ನಾಗ ತಗೊಳ್ರಿ. ಬ್ಯಾರೆ ಬ್ಯಾರೆ ತಗೊಂಡು ಮೊದಲನೇದು ಲೇಟ್ ಆದ್ರ ಎರಡನೇದಕ್ಕ ಯಾರೂ ಹೊಣಿ ಆಗಂಗಿಲ್ಲ, ಬ್ಯಾಗೂ ಸೀದಾ ಡಲ್ಲಾಸ್ ತನಕ ಹೋಗೋ ಗ್ಯಾರಂಟಿ ಇರಂಗಿಲ್ಲ.