ಹಿತ್ತಲಲ್ಲಿ ಹುಳ್ಳಿ ಚೀಲದ ಆಟ

ಇಳಿಜಾರಾಗಿ ನಿಲ್ಸಿರೋ ಹಲಗೇಲಿ ಒಂದು ತೂತು, ದೂರದಿಂದ ಸಣ್ಣ ಚೀಲ ಎಸೀಬೇಕು, ತೂತೊಳಗೆ ಬಿದ್ರೆ 3 ಪಾಯಿಂಟು, ಹಲಗೆ ಮೇಲೆ ನಿಂತ್ರೆ 1, ಮೊದ್ಲು 21 ಮುಟ್ಟಿದೋರು ಗೆದ್ರು. ಅಮೆರಿಕದಲ್ಲಿ ಇದನ್ನ ಕಾರ್ನ್‌ಹೋಲ್ ಅಂತಾರೆ, ಅಲ್ಲಿ ಮುಂಚೆ ಚೀಲಕ್ಕೆ ಒಣಗಿದ ಮುಸುಕಿನ ಜೋಳ ತುಂಬೋರು. ಬೇಸಿಗೆ ರಜಕ್ಕೆ ಅಕ್ಕನ ಮಕ್ಕಳು ಮೈಸೂರಿಂದ ಪಾಂಡವಪುರದ ಹತ್ರ ಇರೋ ನಮ್ಮೂರಿಗೆ ಬಂದಿದ್ರು, ನಾಲೇಲಿ ನೀರಿಲ್ಲ, ಬಿಸ್ಲಲ್ಲಿ ಆಚೆ ಬಿಡೋಹಾಗಿಲ್ಲ, ಬೆಳಗ್ಗೆಯಿಂದ ಮೊಬೈಲು ಹಿಡ್ಕೊಂಡು ಕೂತಿರ್ತಿದ್ವು, ಸರಿ ಇದನ್ನೇ ಹಿತ್ತಲಲ್ಲಿ ಮಾಡೋಣ ಅಂತ ಹೊರಟೆ.

ಹಲಗೆ ಕೆಲ್ಸ ಬೇಗ ಮುಗೀತು. 8 ಅಡಿ 4 ಅಡಿಯ ಪ್ಲೈವುಡ್ ಶೀಟಲ್ಲಿ ಅರ್ಧ ತಗೊಂಡ್ರೆ 2 ಅಡಿ ಅಗಲ 4 ಅಡಿ ಉದ್ದದ ಎರಡು ಹಲಗೆ ಸಿಗುತ್ತೆ. ಹಲಗೆ ಕೆಳಗಡೆ ಮರದ ರೀಪರ್ ಪಟ್ಟಿ ಹೊಡೆದು, ಹಿಂದುಗಡೆ ನೆಲದಿಂದ 12 ಇಂಚು ಎತ್ತರ ಬರೋ ಹಾಗೆ ಕಾಲು ಕೊಟ್ವಿ. ತೂತು 6 ಇಂಚು, ಅದರ ನಡುಮಧ್ಯ ಮೇಲಿನ ಅಂಚಿಂದ 9 ಇಂಚು ಕೆಳಗೆ ಬರ್ಬೇಕು. ಅಲ್ಲೊಂದು ಮೊಳೆ ಹೊಡೆದು, 3 ಇಂಚು ದಾರಕ್ಕೆ ಪೆನ್ಸಿಲ್ ಕಟ್ಟಿ ದೊಡ್ಡವಳೇ ಗುಂಡಗೆ ಗೀಚಿದ್ಳು, ಊರಿನ ಕಾರ್ಪೆಂಟರ್ ಅಣ್ಣ ಮಿಷಿನಲ್ಲಿ ಕೊಯ್ದುಕೊಟ್ರು. ಆಮೇಲೆ ಸ್ಯಾಂಡ್ ಪೇಪರ್ ಹಾಕಿ ಚೆನ್ನಾಗಿ ಉಜ್ಜಬೇಕು, ಮೇಲ್ಭಾಗ ತರಿತರಿ ಇದ್ರೆ ಚೀಲ ಬಿದ್ದಲ್ಲೇ ಕಚ್ಕೊಂಡು ನಿಲ್ಲುತ್ತೆ, ಜಾರಿ ತೂತಿನ ಕಡೆ ಹೋಗೋದೇ ಇಲ್ಲ.

ಆದ್ರೆ ಆಟದ ಜೀವ ಇರೋದು ಚೀಲದಲ್ಲಿ. ರಾಗಿ ತುಂಬೋಣ್ವಾ ಅಂತ ಅವ್ವನ್ನ ಕೇಳ್ದೆ, "ಬ್ಯಾಡ ಕಣೋ, ಹೊಲಿಗೆ ಸಂದೀಲಿ ಸೋರೋಯ್ತದೆ, ಹುಳ್ಳಿ ತುಂಬು, ಜಾರ್ತದೆ, ಕೈಗೂ ಹದವಾಗಿ ಕೂರ್ತದೆ" ಅಂದ್ಲು. ಎಷ್ಟು ಸರಿಯಾದ ಮಾತು! ಹುಳ್ಳಿಕಾಳು ಚಪ್ಪಟೆ, ನುಣುಪು, ಚೀಲ ನೆಲಕ್ಕೆ ಬಿದ್ರೂ ಪುಟಿಯಲ್ಲ, ಕಾಳು ಒಳಗೊಳಗೇ ಸರಿದು ಅಲ್ಲೇ ಹರಡ್ಕೊಂಡು ಕೂರುತ್ತೆ. ಹುಳ ಬೀಳದ ಹಾಗೆ ಎರಡು ಬಿಸ್ಲು ಒಣಗ್ಸಿ, ಒಣಗಿದ ಬೇವಿನ ಸೊಪ್ಪು ಪುಡಿ ಮಾಡಿ ಬೆರೆಸಿದ್ಲು. ಹಳೇ ಜೀನ್ಸ್ ಪ್ಯಾಂಟಿನ ಬಟ್ಟೇಲಿ 6 ಇಂಚಿನ ಚೌಕ ಚೀಲ, ನಾಲ್ಕೂ ಕಡೆ ಎರಡೆರಡು ಹೊಲಿಗೆ. ಒಂದೊಂದಕ್ಕೂ 450 ಗ್ರಾಂ ಹತ್ರ ಬರ್ಬೇಕು ಅಂತ ಪಕ್ಕದ ಅಂಗಡಿ ತೂಕದ ಮಿಷಿನ್ ಮೇಲಿಟ್ಟು, ಚಿಕ್ಕೋನು ಒಂದೊಂದೇ ಚಿಟಿಕೆ ಕಾಳು ಹಾಕ್ತಾ ತೆಗೀತಾ ಸರಿ ಮಾಡ್ದ. ಇಲ್ಲಿ ಸಮ ಇಲ್ದಿದ್ರೆ ಆಟವೇ ಅಲ್ಲ, ಒಂದು ಚೀಲ ಹಗುರ ಇದ್ರೆ ಕೈ ಅಂದಾಜೆಲ್ಲ ತಪ್ಪಿಹೋಗುತ್ತೆ.

ನಿಯಮದ ಪ್ರಕಾರ ಹಲಗೆಯಿಂದ ಹಲಗೆಗೆ 27 ಅಡಿ ಬಿಡ್ಬೇಕು, ನಮ್ಮ ಹಿತ್ತಲಲ್ಲಿ ತೆಂಗಿನ ಮರದಿಂದ ನೀರಿನ ತೊಟ್ಟಿವರೆಗೆ ಅಷ್ಟಿಲ್ಲ, ಮಕ್ಕಳಿಗೆ 20 ಅಡಿ ಸಾಕಾಯ್ತು. ಇಬ್ರಿಗೂ ನಾಲ್ಕು ನಾಲ್ಕು ಚೀಲ, ರೌಂಡ್ ಮುಗಿದ್ಮೇಲೆ ಒಬ್ರ ಪಾಯಿಂಟಲ್ಲಿ ಇನ್ನೊಬ್ರದು ಕಳೆದು ಉಳಿದದ್ದು ಮಾತ್ರ ಲೆಕ್ಕ, ಹಾಗಾಗಿ ಕೊನೇ ಚೀಲದವರೆಗೂ ಯಾರು ಗೆಲ್ತಾರೆ ಗೊತ್ತಾಗಲ್ಲ. ಮಕ್ಕಳು ಬೀಸಿ ಬೀಸಿ ಎಸೀತಿದ್ರು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದು, ಅಂಗೈ ಮೇಲೆ ಚೀಲ ಚಪ್ಪಟೆಯಾಗಿ ಇಟ್ಕೊಂಡು, ಕೆಳಗಿಂದ ಮೆಲ್ಲಗೆ ತೂರಿದ್ಲು ನೋಡಿ, ಹಲಗೆ ಮುಂದುಗಡೆ ಬಿದ್ದು ಸರ್ರನೆ ಮೇಲಕ್ಕೆ ಜಾರಿ ತೂತೊಳಗೆ! "ಅಜ್ಜಿ ನಮ್ ಟೀಮು" ಅಂತ ಇಬ್ರೂ ಜಗಳಕ್ಕೆ ನಿಂತ್ರು.

ಪ್ಲೈವುಡ್ಡಿಗೆ ನೀರು ತಾಗಿದ್ರೆ ಉಬ್ಬುತ್ತೆ, ಅದಕ್ಕೆ ರಾತ್ರಿ ಮರೀದೆ ಒಳಗಿಡ್ತಿದ್ವಿ. ಈಗ ಅಕ್ಕ ಅಳತೆ ಕಳ್ಸು ಅಂತ ಫೋನ್ ಮಾಡಿದ್ಳು, ಮೈಸೂರಲ್ಲಿ ಅವ್ರ ಟೆರೇಸ್ ಮೇಲೂ ಒಂದು ಜೊತೆ ಮಾಡ್ತಾರಂತೆ. ಹುಳ್ಳಿ ಮಾತ್ರ ನಾನೇ ಊರಿಂದ ಒಣಗ್ಸಿ ತರ್ತೀನಿ, ಅಂಗಡೀದು ತುಂಬಬೇಡ ಅಂದಿದ್ದೀನಿ.