ಕಾಗಿಣಾ ಮುಗಿಯುವ ಜಾಗ

ನಮ್ಮ ಮಾಮಾಗೆ ಕಲಬುರಗಿ ಮಂದಿಯ ಮೇಲೆ ಒಂದು ಸಿಟ್ಟಿದೆ. ಇವರಿಗೆ ಹೊಳೆ ಅಂದರೆ ಭೀಮಾ ಒಂದೇ ಅಂತೆ. ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗಿ ಬರುತ್ತಾರೆ. ಅಲ್ಲಿ ಭೀಮಾಕ್ಕೆ ಸೇರುವ ಇನ್ನೊಂದು ಹೊಳೆ ಅಮರ್ಜಾ ಅಂತ ಎಷ್ಟು ಜನರಿಗೆ ಗೊತ್ತು?

"ಹೋಗ್ಲಿ, ಕಾಗಿಣಾ ಎಲ್ಲಿ ಕೂಡ್ತದ ಹೇಳು ನೋಡೋಣ" ಅಂದರು. ನಾನು ಸುಮ್ನೆ ಕೂತೆ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಗಾಡಿ ತೆಗೆದೆವು. ಮೊದಲು ಮಳಖೇಡ. ಕಾಗಿಣಾ ಹುಟ್ಟುವುದು ತೆಲಂಗಾಣದ ವಿಕಾರಾಬಾದ್ ಕಡೆ. ತಾಂಡೂರು ದಾಟಿ ಸೇಡಂ ತಾಲೂಕಿಗೆ ಬರುತ್ತದೆ. ದಾರಿಯಲ್ಲಿ ಬೆಣ್ಣೆತೊರೆಯೂ ಇದಕ್ಕೇ ಸೇರುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ಈ ಮಳಖೇಡವೇ, ಇದೇ ದಂಡೆಯ ಮೇಲಿತ್ತು. ಕೋಟೆಯ ಗೋಡೆ ಮುಟ್ಟಿ ನೋಡಿದೆ. ನಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದಿ ಕಲ್ಲಿನ ಜಾತಿಯೇ. ನೃಪತುಂಗನ ಊರಿನ ಗೋಡೆ, ನಮ್ಮ ಅಡುಗೆಮನೆಯ ನೆಲ, ಎರಡೂ ಒಂದೇ ಕಲ್ಲು. ಮಾಮಾಗೆ ಇದೇನೂ ದೊಡ್ಡ ಸಂಗತಿ ಅನಿಸಲಿಲ್ಲ. ಅವರು ಕಲ್ಲಿನ ಖಣಿಯಲ್ಲಿ ಇಪ್ಪತ್ತು ವರ್ಷ ದುಡಿದವರು.

ದಂಡೋತಿ ಸೇತುವೆಯ ಹತ್ತಿರ ಚಹಾ ಕುಡಿದೆವು. ಈ ಸೇತುವೆ ಗೊತ್ತಿತ್ತು. ಜೋರು ಮಳೆಯಾದಾಗಲೆಲ್ಲ ಟಿವಿಯಲ್ಲಿ ಬರುತ್ತದಲ್ವಾ, ಸೇತುವೆ ಮುಳುಗಿತು, ಸಂಚಾರ ಬಂದ್ ಅಂತ. ನಮಗೆ ಕಾಗಿಣಾ ನೆನಪಾಗುವುದು ಆವಾಗ ಮಾತ್ರ. ಈಗ ನೀರು ಕೆಳಗಿಳಿದಿತ್ತು. ಆದರೆ ದಂಡೆಯ ಜಾಲಿ ಗಿಡಗಳಲ್ಲಿ, ನನ್ನ ತಲೆಗಿಂತ ಮೇಲೆ, ಹುಲ್ಲು, ಪ್ಲಾಸ್ಟಿಕ್ ಚೀಲ, ಯಾರದೋ ಹರಿದ ಸೀರೆ ಸಿಕ್ಕಿಕೊಂಡು ಒಣಗುತ್ತಿದ್ದವು. ಹೊಳೆ ಎಲ್ಲಿವರೆಗೆ ಬಂದಿತ್ತು ಅಂತ ಬೇರೆ ಯಾರೂ ಹೇಳಬೇಕಿರಲಿಲ್ಲ.

ಶಹಾಬಾದದ ಹತ್ತಿರ ಮಾಮಾ ನನ್ನನ್ನು ನೀರಿಗೇ ಇಳಿಸಿದರು. ಹೊಳೆಯ ತಳ ನೋಡಿ ಬೆರಗಾದೆ. ಗೌಂಡಿ ಕೂತು ಹಾಸಿದ ಹಾಗೆ ಚಪ್ಪಟೆ ಕಲ್ಲು, ಒಂದರ ಮೇಲೊಂದು ಪದರ. "ಇದರಾಗ ಸುಣ್ಣದ ಅಂಶ ಅದ. ಅದಕ್ಕೇ ಈ ಕಡಿ ಇಷ್ಟು ಸಿಮೆಂಟ್ ಫ್ಯಾಕ್ಟರಿ" ಅಂದರು. ಪಾಚಿಯ ಮೇಲೆ ಕಾಲಿಟ್ಟು ಜಾರಿದೆ. ಪ್ಯಾಂಟು ಪೂರ್ತಿ ಒದ್ದೆ. ಅವರು ನಕ್ಕಿದ್ದು ಆ ದಿನ ಅದೊಂದೇ ಸಲ.

ಹೊನಗುಂಟಾ ಮುಟ್ಟಿದಾಗ ಸಂಜೆ ನಾಲ್ಕು. ಭೀಮಾಶಂಕರದಿಂದ ಇಳಿದು, ಪಂಢರಪುರದಲ್ಲಿ ಚಂದ್ರಭಾಗಾ ಅನಿಸಿಕೊಂಡು ಬಂದ ಭೀಮಾ ಇಲ್ಲಿ ಅಗಲವಾಗಿ ಹರಿಯುತ್ತದೆ. ಕಾಗಿಣಾ ಪಕ್ಕದಿಂದ ಬಂದು ಸೇರುತ್ತದೆ. ಸುಳಿ, ಸದ್ದು, ಎರಡು ಬಣ್ಣದ ನೀರು ಏನಾದರೂ ಕಾಣಬಹುದು ಅಂದುಕೊಂಡಿದ್ದೆ. ಏನೂ ಇರಲಿಲ್ಲ. ಬಲೆ ತೊಳೆಯುತ್ತಿದ್ದ ಒಬ್ಬರನ್ನು ಕೇಳಿದೆ, "ಕಾಗಿಣಾ ಎಲ್ಲಿಗಿ ಮುಗೀತರಿ?"

ಅವರು ತಿರುಗಿ ನೋಡಿದರು. "ಮುಗಿಯೋದೇನ್ರಿ? ನೀರು ಹೋಗ್ಲಿಕತ್ತದಲ್ಲ. ಇಲ್ಲಿಂದ ಭೀಮಾ ಅಂತೀವಿ, ಅಷ್ಟೇ."

ಮಾಮಾ ದಂಡೆಯಲ್ಲಿ ಕೂತು ಬೀಡಿ ಹಚ್ಚಿದರು. ನಾನು ಫೋಟೋ ತೆಗೆದೆ.

ರಾತ್ರಿ ಮನೆಗೆ ಬಂದು ಅವ್ವನಿಗೆ ತೋರಿಸಿದೆ. ಕಣ್ಣು ಸಣ್ಣ ಮಾಡಿ ನೋಡಿದಳು. "ಎಷ್ಟ್ ನೀರಪ್ಪಾ!" ಅಂದಳು. "ನಮ್ಮ ಓಣ್ಯಾಗ ನಳ ಬಂದು ಐದು ದಿನ ಆತು. ಹೋಗು, ಎರಡು ಕೊಡ ತುಂಬಿಕೊಂಡು ಬಾ."